ಕೆಂಪಯ್ಯನ ಹೆಗಲಿನ ಗೂಟ

ಕಿರುಗಾವಲಿನಲ್ಲಿ ಯಾರಿಗಾದರೂ ಆಪರೇಷನ್ ಆಯಿತೆಂದರೆ ನೋಡಲು ಬಂದವರು ಮೊದಲು ಕೇಳುವುದು ಎಕ್ಸ್‌ರೇಯನ್ನು. ತಂದ ಬ್ರೆಡ್ಡು, ಬಾಳೆಹಣ್ಣುಗಳನ್ನು ಮಂಚದ ಮೇಲಿಟ್ಟು, ಫಿಲಮ್ಮನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ ‘ಹೂಂ’ ಎಂದಮೇಲೆಯೇ ರೋಗಿಗೆ ತಾನು ಉಳಿದುಕೊಂಡೆ ಎಂಬ ಧೈರ್ಯ. ಅಡುಗೆ ಕೆಂಪಯ್ಯನ ಎಕ್ಸ್‌ರೇ ಆ ದಿನ ಬೆಳಿಗ್ಗೆ ಪಕ್ಕದ ಮನೆಯ ಮಹದೇವಯ್ಯನ ಕೈಗೆ ಸಿಕ್ಕಿತು. ಅನಾಹುತ ಶುರುವಾದದ್ದೇ ಅಲ್ಲಿಂದ.

ಸುತ್ತಮುತ್ತಲ ಬೀಗರ ಊಟಗಳಿಗೆಲ್ಲ ರಾಗಿಹಿಟ್ಟು ತೊಳಸುವವನು ಕೆಂಪಯ್ಯ. ಕೊಪ್ಪರಿಗೆಯಲ್ಲಿ ಕುದಿಯುವ ಹಿಟ್ಟಿಗೆ ಕೋಲು ಇಳಿಸಿ ಎರಡೂ ಕೈಯಲ್ಲಿ ಅವನು ತಿರುವಿದನೆಂದರೆ ಸಾವಿರ ಮುದ್ದೆಯಲ್ಲಿ ಒಂದು ಗಂಟು ಸಿಕ್ಕದು. ಹಾಗೆ ತಿರುವುತ್ತಿರುವಾಗಲೇ ಅವನ ಬಲ ಹೆಗಲಿನ ನರ ಮೂಳೆ ಬಿಟ್ಟು ಕಿತ್ತು ಬಂದಿತ್ತು. ಮಂಡ್ಯದ ನರ್ಸಿಂಗ್ ಹೋಮೊಂದರಲ್ಲಿ ಆಪರೇಷನ್ ಮಾಡಿದ ಡಾಕ್ಟರು ದೀಪಿಕ, ದುದ್ದದ ಕಡೆಯ ರೈತರ ಮನೆಯ ಹೆಣ್ಣುಮಗಳು. ಹಾಗಾಗಿ ವಿಷಯವನ್ನು ಅವನಿಗೆ ತಿಳಿಯುವ ಹಾಗೆ ಹೇಳಿ ಕಳಿಸಿದ್ದರು.

“ಮೂಳೆಗೆ ಒಂದು ಸಣ್ಣ ಗೂಟ ಇಳಿಸಿದ್ದೀವಿ ಕೆಂಪಯ್ಯನೋರೆ. ಗೂಟದ ತಲೇಲಿ ದಾರ ಇರುತ್ತೆ. ಕಿತ್ತೋಗಿದ್ದ ನರಾನ ಎಳ್ಕೊಂಡು ಬಂದು ಆ ದಾರದಲ್ಲಿ ಬಿಗಿದು ಕಟ್ಟಿದ್ದೀವಿ, ಬಿಚ್ಕೊಂಡು ಹೋದ ಹಸೂನ ಮತ್ತೆ ಕಟ್ಟಿಹಾಕಿದ ಹಾಗೆ. ನರ ಮೂಳೆಗೆ ಕೂಡ್ಕೊಳ್ಳೋವರೆಗೂ ಈ ಕೈ ಎತ್ತಬಾರದು, ಎಳೀಬಾರದು. ಎಳುದ್ರೆ ಮತ್ತೆ ಆಪರೇಷನ್ನೇ!”

ಕೆಂಪಯ್ಯ ಅಂದಿನಿಂದ ಬಲಗೈಯನ್ನು ಬೆಲ್ಟಿನಲ್ಲಿ ಎದೆಗೆ ಬಿಗಿದುಕೊಂಡು, ಹಾಲುಗೂಸನ್ನು ಎತ್ತಿಕೊಂಡವನಂತೆ ಓಡಾಡುತ್ತಿದ್ದ. ಕಾರಣವೂ ಇತ್ತು. ಯುಗಾದಿ ಕಳೆದಮೇಲೆ ಮಗ ಸ್ವರೂಪನ ಮದುವೆ. ಊರಿನವರ ಬೀಗರಿಗೆಲ್ಲ ಹಿಟ್ಟು ತೊಳಸಿದವನು ತನ್ನ ಬೀಗರಿಗೆ ಇನ್ನೊಬ್ಬನ ಕೈಯ ಮುದ್ದೆ ಬಡಿಸುವುದೇ? ಅದರಲ್ಲೂ ಆ ಬೀಗರು ಬೆಸಗರಹಳ್ಳಿಯವರು. ಒಂದು ಗಂಟು ಹಲ್ಲಿಗೆ ಸಿಕ್ಕಿದರೆ ಮೊಮ್ಮಕ್ಕಳ ನಾಮಕರಣದವರೆಗೂ ಅದನ್ನೇ ಆಡಿಕೊಳ್ಳುತ್ತಾರೆ ಎಂಬ ಭಯ ಅವನಿಗಿತ್ತು.

ಮಹದೇವಯ್ಯನ ಕಥೆಯೇ ಬೇರೆ. ಬೈಕಿನಿಂದ ಬಿದ್ದು ಕಾಲೊಳಗೆ ರಾಡು ಹಾಕಿಸಿಕೊಂಡಮೇಲೆ ಊರಿನ ಮೂಳೆಗಳೆಲ್ಲ ತನ್ನ ಜವಾಬ್ದಾರಿ ಎಂದು ತಿಳಿದವನು ಆತ. ಫಿಲಮ್ಮನ್ನು ಬಿಸಿಲಿಗೆ ಹಿಡಿದವನು ಹುಬ್ಬು ಗಂಟಿಕ್ಕಿದ.

“ಲೇ ಕೆಂಪ, ಇದ್ರಲ್ಲಿ ಏನೂ ಇಲ್ವಲ್ಲಾ!”

“ಏನಿರ್ಬೇಕಿತ್ತು?”

“ಗೂಟ ಕಣ್ಲಾ! ನನ್ ಕಾಲಿನ್ ಎಕ್ಸ್‌ರೇಲಿ ರಾಡು ಕರೆಂಟ್ ಕಂಬ ಇದ್ದಂಗೆ ಬೆಳ್ಳಗೆ ಕಾಣ್ತದೆ. ನಿಂದ್ರಲ್ಲಿ ಬರೀ ಮೂಳೆ ಅದೆ. ಮ್ಯಾಲೆ ಎಲ್ಡು ಒಲ್ಗೆ ಆಕಿ ಕಳ್ಸವ್ರೆ, ಅಷ್ಟೇಯ.”

“ಅದು ಎಕ್ಸ್‌ರೇಲಿ ಕಾಣಾಕಿಲ್ವಂತೆ. ಪ್ಲಾಸ್ಟಿಕ್ ತರದ್ದಂತೆ. ಡಾಕ್ಟ್ರಮ್ಮ ಯೋಳವ್ರೆ.”

“ಪ್ಲಾಸ್ಟಿಕ್ ಗೂಟುಕ್ಕೆ ಯಾವನ್ಲಾ ಅಸ ಕಟ್ತಾನೆ?”

ಕಾಫಿ ತಂದ ಹೆಂಡತಿ ಅಂಕಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಬ್ರೆಡ್ಡಿನ ಜೊತೆ ಬಂದಿದ್ದ ಎದುರು ಮನೆಯ ದೇವಿರಮ್ಮ ಮಾತ್ರ ಲೋಟ ತೆಗೆದುಕೊಂಡು ನಿಧಾನವಾಗಿ ಹೇಳಿದಳು: “ಗೂಟ ಇಲ್ದಿದ್ರೆ ನರ ಒಳ್ಗೊಳ್ಗೇ ಬಿಚ್ಕೊಂಡು ಒಂಟೋಗಿರ್ತದೆ ಕಣ್ಲಾ ಮಗ. ನಮ್ ಎಮ್ಮೆ ಅಂಗೇ ಓಗಿದ್ದು ಸಂತೆಮಾಳದಲ್ಲಿ ಸಿಕ್ತು.”

ಮಹದೇವಯ್ಯ ಕುಂಟುತ್ತಾ ಮನೆಗೆ ಹೋಗಿ ಹಳೇ ಸ್ಪೀಕರಿನ ಅಯಸ್ಕಾಂತ ತಂದ. ಪ್ಲಾಸ್ಟಿಕ್ ಎಂದಮೇಲೆ ಅಯಸ್ಕಾಂತಕ್ಕೇನು ಕೆಲಸ ಎಂದು ಕೇಳುವ ಬುದ್ಧಿ ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಹೆಗಲ ಹತ್ತಿರ ತಂದದ್ದೇ ತಡ, ಅದು ಟಪ್ಪನೆ ಅಂಟಿಕೊಂಡಿತು.

“ಅದೆ, ಅದೆ!” ಎಂದು ದೇವಿರಮ್ಮ ಚಪ್ಪಾಳೆ ತಟ್ಟಿದಳು.

ನೋಡಿದರೆ ಅಂಟಿದ್ದು ಬೆಲ್ಟಿನ ಬಕಲಿಗೆ. ಕೀಳಲು ಮಹದೇವಯ್ಯ ಎಳೆದ. ಅಯಸ್ಕಾಂತದ ಜೊತೆ ಬೆಲ್ಟು, ಬೆಲ್ಟಿನ ಜೊತೆ ಕೆಂಪಯ್ಯನೂ ಹೊರಟ. ಬಲಗೈಯ ಗತಿ ನೆನೆದು ಅವನಿಗೆ ಜೀವವೇ ಹೋದಂತಾಯಿತು. ಎಡಗೈಯಿಂದ ಬಾಗಿಲ ಚೌಕಟ್ಟನ್ನು ತಬ್ಬಿ ಹಿಡಿದು, ಶಕ್ತಿಯೆಲ್ಲ ಬಿಟ್ಟು ಹಿಂದಕ್ಕೆ ಜಗ್ಗಿ ಹೇಗೋ ಪಾರಾದ.

ಡಾಕ್ಟರ ಮೇಲೆ ಕೆಂಪಯ್ಯನಿಗೆ ನಂಬಿಕೆಯಿತ್ತು. ಆದರೆ ಡಾಕ್ಟರು ಮಂಡ್ಯದಲ್ಲಿದ್ದರು, ಮಹದೇವಯ್ಯ ಮಂಚದ ಪಕ್ಕದಲ್ಲೇ ಇದ್ದ. ಕಾಫಿ ಮುಗಿಯುವಷ್ಟರಲ್ಲಿ ಒಳಗೆ ನರ ಬಿಚ್ಚಿಕೊಂಡು ಅಲೆದಾಡುತ್ತಿರುವಂತೆ ಅವನಿಗೇ ಅನ್ನಿಸತೊಡಗಿತು.

“ಈಗ್ಲೇ ಓಗಿ ಕೇಳ್ಬುಡಿ,” ಎಂದಳು ಅಂಕಮ್ಮ. “ಮದ್ವೆ ಒತ್ಗೆ ಈ ಕೈ ಬರ್ದೇ ಓದ್ರೆ ಬೀಗ್ರ ಮುಂದೆ ಏನ್ ಮಾಡನ? ಮನೇಲಿ ಕರ ಆಕಿರೋ ಅಸ ಅದೆ, ಇಲ್ದಿದ್ರೆ ನಾನೇ ಬರ್ತಿದ್ದೆ.”

“ನೀನ್ಯಾಕೆ ಬತ್ತೀಯ, ನಾನಿಲ್ವಾ?” ಎಂದ ಮಹದೇವಯ್ಯ. ತನಗೆ ಬಸ್ಸು ಹೇಗೂ ಫ್ರೀ ಎಂದು ದೇವಿರಮ್ಮ ಸೆರಗು ಕೊಡವಿಕೊಂಡು ಎದ್ದಳು.

ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಹದೇವಯ್ಯನಿಗೆ ರಾಡಿನ ಕೃಪೆಯಿಂದ ಸೀಟು ಸಿಕ್ಕಿತು, ದೇವಿರಮ್ಮನಿಗೆ ವಯಸ್ಸಿನ ಕೃಪೆಯಿಂದ. ಬೆಲ್ಟು ಕಟ್ಟಿದ ಕೆಂಪಯ್ಯನಿಗೆ ಮಾತ್ರ ಮೇಲಿನ ಕಂಬಿಯೇ ಗತಿ. ಯಾರಾದರೂ ಬಲಗಡೆಗೆ ಒತ್ತರಿಸಿ ಬಂದರೆ ಎಡಗೈಯ ಮೇಲೆ ಜೋತುಬಿದ್ದು ಅತ್ತ ಸರಿಯುತ್ತಿದ್ದ. ಡ್ರೈವರು ಬ್ರೇಕು ಹಾಕಿದಾಗಲೆಲ್ಲ ಬಾವಲಿಯಂತೆ ಆಡುತ್ತಿದ್ದ. ಮಳವಳ್ಳಿ ಬರುವ ಹೊತ್ತಿಗೆ ಬಲಗೈ ಮನೆಯಲ್ಲಿದ್ದ ಹಾಗೇ ಇತ್ತು. ಕೆಂಪಯ್ಯ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದ.

ಮಂಡ್ಯದ ಬಸ್ಸು ಆಗಷ್ಟೇ ಹೋಗಿತ್ತು. ಕಾಯೋಣವೆಂದರೆ ಮಹದೇವಯ್ಯ ಕೇಳಬೇಕಲ್ಲ!

“ಕಾದ್ಕಂಡ್ ಕೂತ್ರೆ ಡಾಕ್ಟ್ರು ಊಟುಕ್ಕೆ ಒಂಟೋಯ್ತರೆ. ಮದ್ದೂರ್ ಮ್ಯಾಲೆ ಓಗನ ನಡಿ,” ಎಂದು ಹೊರಡಿಸಿದ.

ಮದ್ದೂರಿನಲ್ಲಿ ಇಳಿದಾಗ ಮಂಡ್ಯದ ಬಸ್ಸು ಆಗಲೇ ನಿಧಾನವಾಗಿ ಉರುಳುತ್ತಿತ್ತು. ದೇವಿರಮ್ಮ ಮೊದಲು ಹತ್ತಿದಳು. ಕೆಂಪಯ್ಯ ಎಡಗೈಯಲ್ಲೇ ಕಂಬಿ ಹಿಡಿದು ಮೈಯನ್ನೆಲ್ಲ ಎಳೆದುಕೊಂಡು ಹತ್ತಿದ. ಮಹದೇವಯ್ಯ ಮಾತ್ರ ಒಂದು ಕಾಲು ಮೆಟ್ಟಿಲ ಮೇಲೆ, ರಾಡಿನ ಕಾಲು ನೆಲದ ಮೇಲೆ, ಕುಂಟಾಬಿಲ್ಲೆ ಆಡುವವನಂತೆ ಬಸ್ಸಿನ ಜೊತೆ ಕುಪ್ಪಳಿಸತೊಡಗಿದ.

“ಕೈ ಕೊಡ್ಲಾ ಕೆಂಪ! ಬಿದ್ದೋಯ್ತೀನಿ ಕಣ್ಲಾ!”

ಹಳೇ ಸ್ನೇಹಿತ, ಬಿಡಲಾದೀತೇ? ಬಾಗಿಲಿನ ಕಂಬಿಗೆ ಮೊಣಕಾಲು ಒತ್ತಿ ನಿಂತು ಕೆಂಪಯ್ಯ ಎಡಗೈ ಚಾಚಿದ. ಎರಡು ಮೂಟೆ ಭತ್ತದ ತೂಕದ ಮಹದೇವಯ್ಯ ಅದನ್ನು ಹಿಡಿದು ಜೋತುಬಿದ್ದ. ಕೆಂಪಯ್ಯ ಹಲ್ಲು ಕಚ್ಚಿ ಎಳೆದ. ಎಲ್ಲೋ ‘ಕಟಕ್’ ಎಂದಿತು.

“ಏನ್ಲಾ ಅದು?” ಕೆಂಪಯ್ಯ ಗಾಬರಿಯಿಂದ ತನ್ನ ಬಲ ಹೆಗಲನ್ನು ನೋಡಿಕೊಂಡ.

“ನನ್ ರಾಡು ಕಣ್ಲಾ. ಚಳೀಲಿ ಅಂಗೇ ಸಬ್ದ ಮಾಡ್ತದೆ,” ಎಂದ ಮಹದೇವಯ್ಯ ಏದುಸಿರು ಬಿಡುತ್ತಾ.

ಬಲ ಹೆಗಲಿನಲ್ಲಿ ಒಂದಿಷ್ಟೂ ನೋವಿರಲಿಲ್ಲ. ಮೈಯೆಲ್ಲ ನೋಯುತ್ತಿತ್ತು ನಿಜ, ಆದರೆ ಮಹದೇವಯ್ಯನನ್ನು ಎತ್ತಿದಮೇಲೆ ಯಾರಿಗೆ ತಾನೇ ನೋಯುವುದಿಲ್ಲ? ಕೆಂಪಯ್ಯ ಸಮಾಧಾನದಿಂದ ಬಾಗಿಲಿಗೆ ಒರಗಿದ.

ನರ್ಸಿಂಗ್ ಹೋಮು ಮುಟ್ಟುತ್ತಲೇ ಮಹದೇವಯ್ಯ ಎಕ್ಸ್‌ರೇಯನ್ನು ಬಾವುಟದಂತೆ ಎತ್ತಿ ಹಿಡಿದ. “ನಮ್ ಗೂಟ ಎಲ್ಲೈತೆ ತೋರ್ಸಿ! ಬಡವ್ರು ಅಂತ ಬರೀ ಒಲ್ಗೆ ಆಕಿ ಕಳಿಸ್ತೀರಾ?” ಎಂದು ಅವನು ಕೂಗಿದ ಕೂಗಿಗೆ ಸಾಲಿನಲ್ಲಿ ಕೂತಿದ್ದವರೆಲ್ಲ ತಮ್ಮ ತಮ್ಮ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದು ನೋಡಿಕೊಳ್ಳತೊಡಗಿದರು. ಕೆಂಪಯ್ಯನಿಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಡಾಕ್ಟರು ದೀಪಿಕ ಗದರಲಿಲ್ಲ. ಮೂವರನ್ನೂ ಒಳಗೆ ಕರೆದು, ಭತ್ತದ ಕಾಳಿಗಿಂತ ಕೊಂಚ ದಪ್ಪಗಿದ್ದ ಒಂದು ವಸ್ತುವನ್ನು ಅಂಗೈಯಲ್ಲಿಟ್ಟು ತೋರಿಸಿದರು. ಅದರ ಮೈತುಂಬ ತಿರುಪಿನ ಗೆರೆ, ತುದಿಯಲ್ಲಿ ನೀಲಿ ದಾರ.

“ಇದೇ ಗೂಟ. ಕಬ್ಬಿಣ ಅಲ್ಲ, ಅದಕ್ಕೇ ಎಕ್ಸ್‌ರೇಲಿ ಕಾಣಲ್ಲ. ದಾರ ಹಿಡಿದು ಎಳೀರಿ ನೋಡೋಣ.”

ಮಹದೇವಯ್ಯ ಎಳೆದ, ಹಲ್ಲಿನಲ್ಲೂ ಕಚ್ಚಿ ನೋಡಿದ. ದಾರ ಕಿತ್ತು ಬರಲಿಲ್ಲ. “ಗಟ್ಟಿಯಾಗದೆ,” ಎಂದು ಒಪ್ಪಿಗೆ ಕೊಟ್ಟ.

ಆಮೇಲೆ ಡಾಕ್ಟರು ಬೆಲ್ಟು ಬಿಚ್ಚಿ, ಹೆಗಲಿಗೆ ತಣ್ಣನೆಯ ಜೆಲ್ಲಿ ಸವರಿ ಸ್ಕ್ಯಾನ್ ಮಾಡಿದರು. ಕೆಂಪಯ್ಯ ಪರದೆಯನ್ನೇ ನೋಡಿದ. ದೇವಿರಮ್ಮ ಕಣ್ಣು ಮುಚ್ಚಿಕೊಂಡಳು.

“ನೋಡಿ, ನರ ಕಟ್ಟಿದ ಜಾಗದಲ್ಲೇ ಇದೆ. ತುಂಬಾ ಜೋಪಾನ ಮಾಡಿದ್ದೀರಿ ಕೆಂಪಯ್ಯನೋರೆ. ಹೀಗೇ ಇದ್ರೆ ಮಗನ ಮದುವೆಗೆ ನೀವೇ ಹಿಟ್ಟು ತೊಳಸ್ತೀರಿ.”

ಕೆಂಪಯ್ಯನಿಗೆ ಕಣ್ಣು ತುಂಬಿ ಬಂತು. ಬಾಗಿಲ ಚೌಕಟ್ಟು, ಬಸ್ಸಿನ ಕಂಬಿ, ಮಹದೇವಯ್ಯ, ಎಲ್ಲವನ್ನೂ ಗೆದ್ದು ಬಲಗೈ ಉಳಿದಿತ್ತು. ಅದನ್ನು ಮತ್ತೆ ಬೆಲ್ಟಿನೊಳಗಿಟ್ಟುಕೊಂಡು, ಒಂದು ಕೈಯಲ್ಲಾದರೂ ಸರಿ, ಈ ತಾಯಿಗೆ ನಮಸ್ಕಾರ ಮಾಡೋಣವೆಂದು ಎಡಗೈಯನ್ನು ಹಣೆಗೆ ತರಹೋದ.

ಕೈ ಎದೆಯವರೆಗೆ ಬಂತು. ಅಲ್ಲಿಂದ ಮೇಲಕ್ಕೆ ಏಳಲಿಲ್ಲ.

ಇನ್ನೊಮ್ಮೆ ಎತ್ತಿದ. “ಅಮ್ಮಾ!” ಎಂದು ಕೂಗಿ ಅಲ್ಲೇ ಕುಸಿದು ಕೂತ.

ಡಾಕ್ಟರ ಮುಖ ಗಂಭೀರವಾಯಿತು. ಜೆಲ್ಲಿಯ ಡಬ್ಬಿಯನ್ನು ಮತ್ತೆ ಕೈಗೆ ತೆಗೆದುಕೊಂಡು ಎಡ ಹೆಗಲಿಗೆ ಹಚ್ಚಿ ನೋಡಿದರು. ತುಂಬಾ ಹೊತ್ತು ನೋಡಿದರು.

“ಈ ಕೈಯಲ್ಲಿ ಇವತ್ತು ಏನ್ ಮಾಡಿದ್ರಿ?”

ಕೆಂಪಯ್ಯ ಮಹದೇವಯ್ಯನನ್ನು ನೋಡಿದ. ಮಹದೇವಯ್ಯ ಗೋಡೆಯ ಕ್ಯಾಲೆಂಡರ್ ನೋಡಿದ.

“ಇದ್ರ ನರ ಈಗ ಕಿತ್ಕೊಂಡಿದೆ,” ಎಂದರು ಡಾಕ್ಟರು. “ಇದಕ್ಕೂ ಗೂಟ ಹಾಕ್ಬೇಕು. ಆ ಕೈ ಬೆಲ್ಟಿಂದ ಆಚೆ ಬಂದ್ಮೇಲೆ ಈ ಕೈ. ಅಲ್ಲೀವರೆಗೂ ಇದನ್ನೂ ಕಟ್ಟಿ ಕಳಿಸ್ತೀನಿ. ಮಗನ ಮದುವೆಗೆ ಹಿಟ್ಟಿನ ಕೋಲು ಹಿಡಿಯೋದು ಮಾತ್ರ ಆಗಲ್ಲ.”

ನರ್ಸು ಎಡಗೈಯನ್ನೂ ಬೆಲ್ಟಿಗೆ ಸೇರಿಸಿ ಎದೆಗೆ ಬಿಗಿದಳು. ಕೆಂಪಯ್ಯನ ಗಲ್ಲದ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲೂ ಆಗಲಿಲ್ಲ. ದೇವಿರಮ್ಮ ತನ್ನ ಸೆರಗಿನಿಂದ ಒರೆಸಿ, “ಬುಡ್ಲಾ ಮಗ, ಅತ್ತುಬುಡ್ಬ್ಯಾಡ,” ಎಂದಳು.

ಮಹದೇವಯ್ಯ ಕ್ಯಾಲೆಂಡರ್ ಬಿಟ್ಟು ಇತ್ತ ತಿರುಗಿದ. ಜನ್ಮದಲ್ಲಿ ಹಿಟ್ಟಿನ ಕೋಲು ಮುಟ್ಟದವನು ಹತ್ತಿರ ಬಂದು ಎದೆ ಉಬ್ಬಿಸಿ ಹೇಳಿದ:

“ನೀನು ಯೋಚ್ನೆ ಬುಡ್ಲಾ ಕೆಂಪ. ನಿನ್ ಬೀಗ್ರಿಗೆ ಇಟ್ಟು ನಾನೇ ತೊಳುಸ್ತೀನಿ!”

ಕೆಂಪಯ್ಯನ ಕಣ್ಣ ಮುಂದೆ ಬೆಸಗರಹಳ್ಳಿಯ ಬೀಗರೆಲ್ಲ ಬಾಳೆಲೆಯ ಮುಂದೆ ಸಾಲಾಗಿ ಕೂತು ಗಂಟು ಜಗಿಯುತ್ತಿರುವುದು ಕಂಡಿತು. ದಮ್ಮಯ್ಯ ಅದೊಂದು ಬೇಡ ಎಂದು ಮಹದೇವಯ್ಯನಿಗೆ ಕೈ ಮುಗಿಯಬೇಕೆಂದು ಎದ್ದು ನಿಂತ.

ಮುಗಿಯಲು ಅವನಿಗೆ ಒಂದು ಕೈಯೂ ಉಳಿದಿರಲಿಲ್ಲ.