ಅಭಿವೃದ್ಧಿಯಾಗಿಬಿಟ್ಟ ಹೊಲಿಗೆ ಕ್ಲಾಸು

ಹಂಬಲಿಸುವುದಕ್ಕೂ ಒಂದು ಯೋಗ್ಯತೆ ಬೇಕು. ನನ್ನ ಹೆಂಡತಿ ಸರೋಜ ಬೆಂಗಳೂರಿನ ಚಾಮರಾಜಪೇಟೆಯ ತವರುಮನೆಯನ್ನೂ ಅದರ ಹಿತ್ತಲಿನ ನುಗ್ಗೆ ಮರವನ್ನೂ ನೆನೆದು ನಿಟ್ಟುಸಿರು ಬಿಟ್ಟರೆ ಕೇಳಿದವರಿಗೆ ಅಯ್ಯೋ ಅನ್ನಿಸುತ್ತದೆ. ವಿಲೆ ಪಾರ್ಲೆಯಲ್ಲಿ ನಮ್ಮದೇ ಬಿಲ್ಡಿಂಗಿನ ಮುದುಕರೊಬ್ಬರು ತಮ್ಮ ಕಾಲದ ಟ್ರಾಮಿನ ಗಂಟೆಯ ಸದ್ದನ್ನು ನೆನೆದು ಕಣ್ಣೊರೆಸಿಕೊಂಡರೆ ಅದಕ್ಕೂ ಒಂದು ಗಾಂಭೀರ್ಯವಿದೆ. ನಾನು ಹಂಬಲಿಸುವುದು ಮಾತ್ರ ಸಯನ್ ಸ್ಟೇಷನ್ನಿನ ಹಿಂದಿದ್ದ ಒಂದು ಸರಕಾರಿ ಕೋಣೆಯನ್ನು. ತಗಡಿನ ಮಾಡು, ಮುಚ್ಚಲು ಬಾರದ ಒಂದು ಕಿಟಕಿ, ತೆರೆಯಲು ಬಾರದ ಇನ್ನೊಂದು ಕಿಟಕಿ. "ಅಲ್ಲಾ ರೀ, ಹೋಗಿ ಹೋಗಿ ಆಫೀಸನ್ನು ಯಾರಾದರೂ ಹಂಬಲಿಸ್ತಾರಾ? ಪೆನ್ಷನ್ ಬರೋ ತನಕ ಅದನ್ನ ಬೈಕೊಂಡಿರೋದೇ ಅಲ್ವಾ ಪದ್ಧತಿ?" ಎಂದು ಸರೋಜ ಕೇಳುತ್ತಾಳೆ. ಅವಳಿಗೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನಾಗ ನಗರಾಡಳಿತದ ಒಂದು ಖಾತೆಯಲ್ಲಿ ಗುಮಾಸ್ತ. ಬಡವರ ವಸತಿಗಳಾದ ಬಸ್ತಿಗಳಲ್ಲಿ ಸಮುದಾಯ ವಿಕಾಸ ಮಾಡಬೇಕೆಂದು ದಿಲ್ಲಿಯವರಿಗೆ ಅನ್ನಿಸಿ ಒಂದು ಯೋಜನೆ ಬಂದಿತ್ತು. ಬಹುಪಾಲು ಹಣ ದಿಲ್ಲಿಯದು. ಕೋಣೆಯ ಬಾಡಿಗೆ, ದೀಪ, ಕೆಲಸದವರ ಸಂಬಳ ಇವಿಷ್ಟು ನಮ್ಮ ನಗರಾಡಳಿತದ್ದು. ನಮ್ಮವರು ತಮ್ಮ ಪಾಲು ಹಾಕಿದರೆ ಮಾತ್ರ ದಿಲ್ಲಿಯ ಪಾಲು ಬರುತ್ತದೆ ಎಂಬುದು ಕರಾರು. ಸಯನ್ನಿನ ಆ ಬಸ್ತಿಯಲ್ಲಿ ಧಾರವಾಡ, ವಿಜಾಪುರದ ಕಡೆಯ ಮನೆಗಳು ಹೆಚ್ಚು. ಅಲ್ಲಿ ತೆರೆದ ವಿಕಾಸ ಕೇಂದ್ರಕ್ಕೆ ಕನ್ನಡ ಬಲ್ಲವನೊಬ್ಬ ಬೇಕೆಂದು ಸಾಹೇಬರು ಹುಡುಕಿದಾಗ ಇಡೀ ಖಾತೆಯಲ್ಲಿ ಸಿಕ್ಕವನು ನಾನೊಬ್ಬನೇ. ಹೀಗೆ ನರಸಿಂಹಮೂರ್ತಿ ಎಂಬ ಮೈಸೂರಿನ ಪ್ರಾಣಿ ಸಯನ್ನಿನ ವಿಕಾಸಕ್ಕೆ ಹೊರಟಿತು. ಮೊದಲ ದಿನ ಆ ತಗಡಿನ ಕೋಣೆಯಲ್ಲಿ ನೆರೆದ ಹೆಂಗಸರ ಮುಂದೆ ಎದ್ದು ನಿಂತು, ನನ್ನ ಅತ್ಯಂತ ನಯವಾದ ಕನ್ನಡದಲ್ಲಿ, "ಎಲ್ಲರೂ ದಯವಿಟ್ಟು ಕೂತ್ಕೊಳಿ, ನಾನು ನಿಮ್ಮವನೇ ಅಂತ ತಿಳ್ಕೊಳಿ" ಎಂದೆ. ಹಿಂದಿನ ಸಾಲಿನಲ್ಲಿದ್ದ ಗಟ್ಟಿ ದನಿಯ ಹೆಂಗಸೊಬ್ಬಳು ಪಕ್ಕದವಳನ್ನು ಕೇಳಿದಳು: "ಇವರು ಮದ್ರಾಸಿನವರೇನ ಯವ್ವಾ?"

ಅವಳೇ ಗಂಗವ್ವ. ಗಂಡ ಕೆಲಸ ಮಾಡುತ್ತಿದ್ದ ಮಿಲ್ಲು ಮುಚ್ಚಿತ್ತು. ಆತ ದಿನವೂ ಬೆಳಿಗ್ಗೆ ಮಿಲ್ಲಿಗೆ ಹೋಗುವವನಂತೆಯೇ ಎದ್ದು, ಸ್ನಾನ ಮಾಡಿ, ತಮ್ಮ ವಠಾರದ, ಅಂದರೆ ಚಾಳಿನ, ಮೆಟ್ಟಿಲ ಮೇಲೆ ಕುಳಿತುಕೊಳ್ಳುತ್ತಿದ್ದ. ಗಂಗವ್ವ ನಮ್ಮ ಕೇಂದ್ರದಲ್ಲಿ ಹೊಲಿಗೆ ಕಲಿತು, ಕೇಂದ್ರದ ಮಿಷನ್ನಿನಲ್ಲೇ ಲಂಗ, ರವಿಕೆ ಹೊಲಿದು ಅಂಗಡಿಗಳಿಗೆ ಕೊಟ್ಟು ಮನೆ ನಡೆಸುತ್ತಿದ್ದಳು. ಸ್ವಂತ ಮಿಷನ್ನು ಕೊಳ್ಳುವ ಮಾತು ಹಾಗಿರಲಿ, ಅವಳ ಖೋಲಿಯಲ್ಲಿ ಅದನ್ನಿಟ್ಟರೆ ಒಬ್ಬರು ಹೊರಗೆ ಮಲಗಬೇಕಾಗುತ್ತಿತ್ತು. ಹೊಲಿಗೆ ಕಲಿಸುತ್ತಿದ್ದವರು ಧಾರವಾಡದ ಕಮಲಕ್ಕ. ಅವರ ಗಂಡ ರೇಲ್ವೆಯಲ್ಲಿದ್ದರು. ಕಮಲಕ್ಕನಿಗೆ ಕತ್ತರಿಗಿಂತ ನಾಲಿಗೆ ಹರಿತ; ಎರಡನ್ನೂ ಒಟ್ಟಿಗೆ ಆಡಿಸುತ್ತಿದ್ದರು. ಬೆಳಿಗ್ಗೆ ಅದೇ ಕೋಣೆಯಲ್ಲಿ ಮಕ್ಕಳ ಬಾಲವಾಡಿ. ಅವು ಉಪ್ಪಿಟ್ಟು ತಿಂದು ಹೋದ ಮೇಲೆ ನೆಲ ಒರೆಸಿ ಮಿಷನ್ನುಗಳನ್ನು ಎಳೆದರೆ ಹೊಲಿಗೆ ಕ್ಲಾಸು.

ಮೂಲೆಯಲ್ಲಿ ನನ್ನ ಮೇಜು. ಮಧ್ಯಾಹ್ನದ ಹೊತ್ತು ಮಿಷನ್ನುಗಳ ಸದ್ದಿನ ಮೇಲೆ ಮಾತು, ಮಾತಿನ ಮೇಲೆ ಹಾದುಹೋಗುವ ಲೋಕಲ್ ಗಾಡಿಯ ಸದ್ದು. ಗಾಡಿ ಬಂದಾಗ ಎಲ್ಲರೂ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ಹೋದ ಮೇಲೆ ಸರಿಯಾಗಿ ಅದೇ ಅಕ್ಷರದಿಂದ ಮುಂದುವರಿಸುತ್ತಿದ್ದರು. ಯಾರ ಅತ್ತೆ ಏನಂದಳು, ಯಾರ ಮಗ ಮರಾಠಿ ಶಾಲೆಯಲ್ಲಿ ಕನ್ನಡ ಮರೆತ, ರಾತ್ರಿ ನಳದಲ್ಲಿ ನೀರು ಎಷ್ಟು ಹೊತ್ತಿಗೆ ಬಂತು. ನಾನು ಫೈಲು ನೋಡುವವನಂತೆ ಮುಖ ಮಾಡಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಒಮ್ಮೆ ಗಂಗವ್ವ ಒಂದು ಕತೆಯನ್ನು ನಿಲ್ಲಿಸಿ ಮನೆಗೆ ಹೊರಟಾಗ, "ಆಮೇಲೆ ಆ ಮಾವ ಏನಂದ್ರು?" ಎಂದು ನನಗೇ ತಿಳಿಯದಂತೆ ಕೇಳಿಬಿಟ್ಟೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ನಾನು ಮದ್ರಾಸಿನವನಲ್ಲ ಎಂದು ತೀರ್ಮಾನವಾಯಿತು.

ಹೀಗಿರುವಾಗ ನಮ್ಮ ಖಾತೆಗೆ ಕಾಟಕಸರ ಬಂತು. ಇದು ಮರಾಠಿ ಮಾತು. ಖರ್ಚು ಕಡಿಮೆ ಮಾಡುವುದು ಎಂದರ್ಥ. ಮೊದಲ ಸಲ ಕೇಳಿದಾಗ ನನ್ನ ಕನ್ನಡದ ಕಿವಿಗೆ ಅದು 'ಕಾಟ, ಕೆಸರು' ಎಂದು ಬಿತ್ತು. ಆಮೇಲೆ ನೋಡಿದರೆ ಕಿವಿಯದೇನೂ ತಪ್ಪಿರಲಿಲ್ಲ. ಮೊದಲು ಫಿನಾಯಿಲ್ ಹೋಯಿತು. ಆಮೇಲೆ ಟ್ಯೂಬ್‌ಲೈಟುಗಳಲ್ಲಿ ಅರ್ಧ ಹೋದವು. ಬಾಲವಾಡಿಯ ಉಪ್ಪಿಟ್ಟು ಚುರಮುರಿಯಾಯಿತು, ಚುರಮುರಿ ಬಿಸ್ಕತ್ತಾಯಿತು, ಬಿಸ್ಕತ್ತು ಹಾಡಾಯಿತು. ಹಸಿದ ಮಕ್ಕಳು ಎಷ್ಟು ಹೊತ್ತು ಹಾಡಿಯಾವು? ಒಂದೊಂದಾಗಿ ಬರುವುದನ್ನೇ ಬಿಟ್ಟವು. ಆಗ ಮೇಲಿನಿಂದ ಪ್ರಶ್ನೆ ಬಂತು: ಮಕ್ಕಳೇ ಇಲ್ಲದ ಮೇಲೆ ಬಾಲವಾಡಿ ಯಾಕೆ? ಬಾಲವಾಡಿ ಮುಚ್ಚಿತು. ಹೊಲಿಗೆ ಕ್ಲಾಸಿಗೂ ನಮ್ಮ ಪಾಲಿನ ಹಣ ನಿಲ್ಲಿಸುವ ಯೋಚನೆಯಿದೆಯೆಂದು ಸುದ್ದಿ ಹಬ್ಬಿತು. ನಮ್ಮ ಪಾಲು ನಿಂತರೆ ದಿಲ್ಲಿಯದೂ ನಿಂತಂತೆ. ಉಳಿಸಬೇಕೋ ಬೇಡವೋ ಎಂದು ನೋಡಲು ಹೆಡ್ ಆಫೀಸಿನಿಂದ ಒಬ್ಬ ದೊಡ್ಡ ಸಾಹೇಬರು ಬರುತ್ತಾರೆಂದು ಹೇಳಿ ಕಳಿಸಿದರು.

ನಾನು ಕಮಲಕ್ಕನನ್ನು ಕೂರಿಸಿಕೊಂಡು ಸಮಾಲೋಚನೆ ಮಾಡಿದೆ. ಸರಕಾರಿ ನೌಕರನಾಗಿ ನನಗೆ ತಿಳಿದಿದ್ದ ಯುದ್ಧತಂತ್ರ ಒಂದೇ: ಎದುರಿಗಿರುವವರಿಗೆ ಕನಿಕರ ಹುಟ್ಟುವಂತೆ ಮಾಡುವುದು. "ಸಾಹೇಬರು ಬಂದಾಗ ಎಲ್ಲರೂ ಸ್ವಲ್ಪ ಬಡವರಾಗಿ ಕಾಣಿಸಿದರೆ ಒಳ್ಳೇದು ಕಮಲಕ್ಕ. ಹಳೇ ಸೀರೆ, ಸ್ವಲ್ಪ ಹರಿದಿದ್ದರೂ ಆದೀತು."

"ಬಡತನ ತೋರಸೂದೇನ್ರಿ ಮೂರ್ತಿಯವರ?" ಕಮಲಕ್ಕ ಕತ್ತರಿ ಕೆಳಗಿಟ್ಟರು. "ನಾ ಕಲಸೂದು ಹೊಲಗಿ. ಹೊಲಗಿ ಕ್ಲಾಸಿನವರಿಗೆ ಹರಕ ಸೀರಿ ಉಟ್ಟು ಬರ್ರಿ ಅಂದ್ರ, ಇಷ್ಟ ವರ್ಷ ನಾ ಏನ ಕಲಿಸೀನಿ ಅಂತ ಕೇಳೂದಿಲ್ಲೇನು ಅವ್ರು?"

ವಾದ ಸರಿಯಾಗಿತ್ತು. ಕೊನೆಗೆ ಸೀರೆ ಅವರಿಷ್ಟ, ಕಣ್ಣೀರು ನನ್ನಿಷ್ಟ ಎಂದು ಒಪ್ಪಂದವಾಯಿತು. ಸಾಹೇಬರು ಏನಾದರೂ ಕೇಳಿದರೆ ಗಂಗವ್ವ ಮಾತಾಡಬೇಕು, ಮಾತಾಡುತ್ತಾ ದನಿ ನಡುಗಬೇಕು. "ಅಳೂದ ಬರತೈತಿ ತಗೋರಿ, ಅದಕ್ಕ ಕ್ಲಾಸು ಬೇಕಾಗಿಲ್ಲ" ಎಂದು ಗಂಗವ್ವ ಧೈರ್ಯ ಹೇಳಿದಳು.

ಆ ದಿನ ನಮ್ಮ ಕೋಣೆ ಮದುವೆಮನೆಯಂತಿತ್ತು. ಕಲಿತು ಬಿಟ್ಟುಹೋಗಿದ್ದವರೂ ಮಗಳು ಸೊಸೆಯರನ್ನು ಕರೆದುಕೊಂಡು ಬಂದಿದ್ದರು. ಎಲ್ಲರೂ ತಾವೇ ಹೊಲಿದ ರವಿಕೆ ತೊಟ್ಟಿದ್ದರು. ಕೂರಲು ಜಾಗವಿಲ್ಲದೆ ಬಾಗಿಲ ಹೊರಗೂ ನಿಂತಿದ್ದರು. ಸಾಹೇಬರು ಒಳ್ಳೆಯ ಮನುಷ್ಯ, ಅದೇ ಆಮೇಲೆ ತೊಂದರೆಯಾಯಿತು. ಲಂಗದ ಅಂಚನ್ನು ಮುಟ್ಟಿ ನೋಡಿದರು, ಕಮಲಕ್ಕ ಕೊಟ್ಟ ಚಹಾ ಕುಡಿದರು. ಎಲ್ಲ ಮುಗಿದ ಮೇಲೆ ಗಂಗವ್ವನ ಮಿಷನ್ನಿನ ಹತ್ತಿರ ನಿಂತು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು: "ಅಮ್ಮಾ, ನಾಳೆ ಸರಕಾರ ಏನೂ ಕೊಡದೇ ಹೋದರೆ ಏನು ಮಾಡ್ತೀರಿ?"

ಅಳುವ ಜಾಗ ಇದೇ. ಗಂಗವ್ವ ಒಮ್ಮೆ ಸುತ್ತಲೂ ನೋಡಿದಳು. ತುಂಬಿದ ಕೋಣೆ, ಹೊಸ ರವಿಕೆಗಳು, ಎಲ್ಲರ ಕಣ್ಣೂ ಇವಳ ಮೇಲೆ. ಅವಳ ಬೆನ್ನು ನೆಟ್ಟಗಾಯಿತು. "ಏನು ಮಾಡೋದು ಸಾಹೇಬ? ನಾವೇ ನಡೆಸ್ತೀವಿ" ಎಂದಳು, ತನ್ನ ವಿಜಾಪುರದ ಮರಾಠಿಯಲ್ಲಿ, ಒಂದಿಷ್ಟೂ ನಡುಗದ ದನಿಯಲ್ಲಿ. "ಇಷ್ಟು ಜನ ಇದ್ದೀವಿ. ಕೈಯಲ್ಲಿ ವಿದ್ಯೆ ಬಂದಿದೆ. ನಮ್ಮ ಕೈಯನ್ನು ಯಾರು ಕಿತ್ತುಕೊಂಡು ಹೋಗ್ತಾರೆ?"

ಕೋಣೆಯಲ್ಲಿ ಚಪ್ಪಾಳೆ. ಕಮಲಕ್ಕನೂ ಚಪ್ಪಾಳೆ ತಟ್ಟಿದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನೂ ತಟ್ಟಿದೆ. ಅಂಥ ಮಾತು ಕೇಳಿ ಕೈಕಟ್ಟಿ ಕುಳಿತಿರಲು ನಾನೇನು ಫೈಲೇ? ಸಾಹೇಬರ ಕಣ್ಣಂಚೂ ಒದ್ದೆಯಾಗಿತ್ತು. ಬೀದಿಗೆ ಬಂದ ಮೇಲೆ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಮೂರ್ತಿ, ಇದಪ್ಪಾ ವಿಕಾಸ ಅಂದರೆ! ಬೇರೆ ಕಡೆ ಜನ ಕೊಡಿ ಕೊಡಿ ಅಂತಾರೆ. ಇವರು ತಮ್ಮ ಕಾಲ ಮೇಲೆ ನಿಂತಾಯ್ತು. ಇಲ್ಲಿ ನಮ್ಮ ಕೆಲಸ ಮುಗಿಯಿತು" ಎಂದರು. ಆ ಹೊಗಳಿಕೆಯ ಅರ್ಥ ನನಗೆ ಹೊಳೆದದ್ದು ಅವರ ಜೀಪು ತಿರುವು ದಾಟಿದ ಮೇಲೆ. ಹಾಳಾಗಿದ್ದಕ್ಕೆ ಬಾಲವಾಡಿಯನ್ನು ಮುಚ್ಚಿದ್ದರು. ಚೆನ್ನಾಗಿದ್ದುದಕ್ಕೆ ಹೊಲಿಗೆ ಕ್ಲಾಸನ್ನು ಮುಚ್ಚಿದರು.

ಮಿಷನ್ನುಗಳನ್ನು ಗೋದಾಮಿಗೆ ಸಾಗಿಸಲು ಟೆಂಪೊ ಬಂದಾಗ ಮಧ್ಯಾಹ್ನ. ಗಂಗವ್ವನ ಸೂಜಿಯ ಕೆಳಗೆ ಒಂದು ಲಂಗ ಅರ್ಧಕ್ಕೆ ನಿಂತಿತ್ತು. ಹಮಾಲರು ಮಿಷನ್ನಿಗೆ ಕೈಹಾಕಿದಾಗ, "ತಡೀರಪ್ಪಾ, ಇದೊಂದು ಅಂಚು ಮುಗಸ್ತೀನಿ" ಎಂದಳು. ಅವರು ನಿಂತರು. ಒಬ್ಬ ಬೀಡಿ ಹಚ್ಚಿ ಹೊರಗೆ ಹೋದ. ಉಳಿದ ಮಿಷನ್ನುಗಳೆಲ್ಲ ಹೋಗಿದ್ದರಿಂದ ಅವಳದೊಂದರ ಸದ್ದು ಖಾಲಿ ಕೋಣೆಯಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ಯಾರೂ ಮಾತಾಡಲಿಲ್ಲ. ಲೋಕಲ್ ಒಂದು ಬಂದು ಹೋಯಿತು, ಆಮೇಲೂ ಯಾರೂ ಮಾತಾಡಲಿಲ್ಲ. ಅಂಚು ಮುಗಿಸಿ, ದಾರ ಕಡಿದು, ಗಂಗವ್ವ ಸೆರಗಿನಿಂದ ಮಿಷನ್ನನ್ನು ಒರೆಸಿದಳು. "ಎಣ್ಣಿ ಹಾಕ್ರಿ ಅಂತ ಹೇಳ್ರಿ ಅಲ್ಲಿಯವರಿಗೆ" ಎಂದಳು ನನಗೆ. ಅಳುವುದು ಬರುತ್ತದೆಂದು ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಆ ದಿನ ಅತ್ತವನು ನಾನು.

ನನ್ನನ್ನು ಕೋಟೆ ಎಂಬ ಆಫೀಸುಗಳ ಪೇಟೆಯ ಹೆಡ್ ಆಫೀಸಿಗೆ ವರ್ಗ ಮಾಡಿದರು. ಯಾವ ವಿಭಾಗಕ್ಕೆ ಅನ್ನುತ್ತೀರಿ? ಖರ್ಚು ಕಡಿತದ ವಿಭಾಗಕ್ಕೇ. ಕಡಿತದ ಕೆಲಸ ಹೆಚ್ಚಾಗಿ ಅಲ್ಲಿ ಜನ ಸಾಲದೆ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದರು. ದೊಡ್ಡ ಮೇಜು, ತಲೆಯ ಮೇಲೆ ಫ್ಯಾನು, ಪಿನ್ನು ಬಿದ್ದರೆ ಕೇಳುವಷ್ಟು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನನಗೆ ಒಂದು ಸಾಲು ಓದಲೂ ಆಗುತ್ತಿರಲಿಲ್ಲ. ಸಂಜೆ ಚರ್ಚ್‌ಗೇಟಿನಲ್ಲಿ ಗಾಡಿ ಹತ್ತಿ ನೇರ ಪಾರ್ಲೆಗೆ ಹೋಗಬೇಕಾದ ನಾನು, ವಿ.ಟಿ. ಸ್ಟೇಷನ್ನಿಗೆ ಹೋಗಿ ಬೇರೆ ಗಾಡಿ ಹತ್ತಿ ಸಯನ್ನಿನಲ್ಲಿ ಇಳಿಯತೊಡಗಿದೆ. ಕಮಲಕ್ಕ ತಮ್ಮ ಚಾಳಿನ ಗ್ಯಾಲರಿಯಲ್ಲಿ, ಅಂದರೆ ಖೋಲಿಗಳ ಮುಂದಿನ ಪಡಸಾಲೆಯಲ್ಲಿ, ತಮ್ಮದೇ ಹಳೆಯ ಕೈಮಿಷನ್ನಿಟ್ಟುಕೊಂಡು ಕ್ಲಾಸು ನಡೆಸುತ್ತಿದ್ದರು. ಗಂಗವ್ವ ಕೊಟ್ಟ ಮಾತನ್ನು ಉಳಿಸಲೇಬೇಕೆಂದು ಎಲ್ಲರ ಹಟ. ಇಷ್ಟು ಕೈಗಳಿಗೆ ಒಂದೇ ಮಿಷನ್ನು. ನಾನು ಗ್ಯಾಲರಿಯ ಕಟಕಟೆಗೆ ಒರಗಿ ನಿಂತು ಅತ್ತೆಯರ ಸುದ್ದಿ ಕೇಳಿ, ದಾದರಿನಲ್ಲಿ ಗಾಡಿ ಬದಲಿಸಿ ಮನೆ ಮುಟ್ಟುತ್ತಿದ್ದೆ. "ಎಲ್ಲರ ಗಂಡಂದಿರೂ ಆಫೀಸಿಂದ ಬರ್ತಾರೆ, ನೀವೊಬ್ಬರು ಊರಿಗೆ ಹೋಗಿ ಬಂದ ಹಾಗೆ ಬರ್ತೀರಿ" ಎಂದು ಸರೋಜ ಅನ್ನುವಳು.

ಮಳೆಗಾಲದಲ್ಲಿ ಗ್ಯಾಲರಿಗೆ ಇರಿಚಲು ಹೊಡೆಯಿತು. ಮಿಷನ್ನಿನ ಸದ್ದಿಗೆ ನೆರೆಯವರು ಗೊಣಗಿದರು. ಬರುವವರು ಕಡಿಮೆಯಾದರು. ಕೊನೆಗೆ ಕಮಲಕ್ಕನ ಮಗ ಡೊಂಬಿವಲಿಯಲ್ಲಿ ಮನೆ ಮಾಡಿ ತಾಯಿಯನ್ನು ಕರೆದುಕೊಂಡು ಹೋದ. ಗಂಗವ್ವ ಬಟ್ಟೆ ಹೊಲಿಯುವ ಒಂದು ಕಾರಖಾನೆ ಸೇರಿದಳು. ಮುಂದೆ ಒಂದು ದಿನ ಸಯನ್ ಸೇತುವೆಯ ಮೇಲೆ ಸಿಕ್ಕಳು. ಗಂಡನಿಗೂ ಎಲ್ಲೋ ಕಾವಲಿನ ಕೆಲಸ ಸಿಕ್ಕಿತ್ತಂತೆ. "ಚಲೋ ಆತಲ್ಲ ಗಂಗವ್ವ" ಎಂದೆ, ಅಷ್ಟು ಹೊತ್ತಿಗೆ ನನಗೂ ಆ ಭಾಷೆ ಹತ್ತಿತ್ತು.

"ಚಲೋನ ಐತ್ರಿ ಸಾಹೇಬ್ರ. ಮಿಷನ್ನು ಕರೆಂಟಿಂದು, ಗಾಳಿ ಹಂಗ ಓಡತೈತಿ." ಸ್ವಲ್ಪ ಹೊತ್ತು ಕೆಳಗೆ ಹೋಗುತ್ತಿದ್ದ ಗಾಡಿಯನ್ನು ನೋಡಿದಳು. "ಆದ್ರ ಮಾತಾಡಂಗಿಲ್ರಿ ಅಲ್ಲಿ. ಬಾಯಿ ಬಿಟ್ರ ಶೇಠ ಬೈತಾನು. ದಿನಾ ಸಂಜಿಕೆ ಮನಿಗೆ ಹೋಗಿ ಗ್ವಾಡಿ ಜೋಡಿ ಮಾತಾಡ್ತೀನಿ."

ಡೊಂಬಿವಲಿಗೆ ಹೊರಡುವ ಮುಂಚೆ ಕಮಲಕ್ಕ ನನಗೊಂದು ಅಂಗಿ ಕೊಟ್ಟಿದ್ದರು. ಕ್ಲಾಸಿನವರೆಲ್ಲ ಸೇರಿ ಹೊಲಿದದ್ದು. ಒಬ್ಬಳು ಕಾಲರು, ಒಬ್ಬಳು ಬೆನ್ನು, ಒಂದೊಂದು ತೋಳು ಒಬ್ಬೊಬ್ಬಳದು. ಎಡತೋಳು ಬಲಕ್ಕಿಂತ ಚೂರು ಗಿಡ್ಡ. ತೊಟ್ಟುಕೊಂಡು ಆಫೀಸಿಗೆ ಹೋದೆ. ನಮ್ಮ ವಿಭಾಗದ ಮುಖ್ಯಸ್ಥರು ತೋಳನ್ನು ನೋಡಿ, "ಟೇಲರ್ ಬಟ್ಟೆ ಉಳಿಸಿದ್ದಾನೆ, ಅವನನ್ನು ನಮ್ಮ ವಿಭಾಗಕ್ಕೆ ತಗೊಳ್ಳೋಣ" ಎಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ತೋಳು ಯಾರದಿರಬಹುದೆಂಬ ಯೋಚನೆ ಹತ್ತಿತು. ಈಗ ವರ್ಷಗಳು ಕಳೆದಿವೆ. ಕುಳಿತು ಕುಳಿತು ನನ್ನ ಹೊಟ್ಟೆ ಮುಂದೆ ಬಂದು ಅಂಗಿಯ ಗುಂಡಿ ಹಾಕಲಾಗುವುದಿಲ್ಲ. ಮೊನ್ನೆ ಗ್ರಾಂಟ್ ರೋಡಿನಲ್ಲಿ ಒಬ್ಬ ಹಳೆಯ ದರ್ಜಿಗೆ ತೋರಿಸಿ ಸ್ವಲ್ಪ ಸಡಿಲ ಮಾಡಿಕೊಡಲು ಕೇಳಿದೆ. ಆತ ಅಂಗಿಯನ್ನು ಒಳಮಗ್ಗುಲು ಹೊರಗಾಗುವಂತೆ ತಿರುಗಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ ತಲೆಯಲ್ಲಾಡಿಸಿದ. ಸಡಿಲಿಸಲು ಒಳಗೆ ಬಟ್ಟೆಯೇ ಬಿಟ್ಟಿಲ್ಲವಂತೆ, ಹೊಲಿಗೆ ಬಿಚ್ಚಿ ಬೇರೆ ಪಟ್ಟಿ ಸೇರಿಸಬೇಕಂತೆ. "ಬಿಚ್ಚಬೇಡಿ" ಎಂದು ಕಸಿದುಕೊಂಡು ಬಂದೆ.

ಅಂಗಿ ದೊಡ್ಡದಾಗದಿದ್ದರೆ ನಾನೇ ಚಿಕ್ಕವನಾಗಬೇಕು. ಇಷ್ಟು ವರ್ಷ ಊರಿನ ಖರ್ಚನ್ನೆಲ್ಲ ಕಡಿತ ಮಾಡಿದವನಿಗೆ ಒಂದು ಹೊಟ್ಟೆ ಯಾವ ಲೆಕ್ಕ ಎಂದುಕೊಂಡು ರಾತ್ರಿ ಊಟಕ್ಕೆ ಕುಳಿತೆ. "ನಾಳೆಯಿಂದ ಎರಡೇ ಚಪಾತಿ, ಅನ್ನ ಬೇಡ" ಎಂದು ಸರೋಜಳಿಗೆ ಕಟ್ಟುನಿಟ್ಟಾಗಿ ಹೇಳಿದೆ. "ನಾಳೆಯಿಂದ ತಾನೇ?" ಎಂದು ಅವಳು ಇನ್ನೊಂದು ಚಪಾತಿಗೆ ತುಪ್ಪ ಸವರಿ ತಟ್ಟೆಗೆ ಹಾಕಿದಳು. ಕಡಿತ ವಿಭಾಗದ ಹಿರಿಯ ಗುಮಾಸ್ತನಾದ ನಾನು ಅದನ್ನು ಒಂದು ಕ್ಷಣ ನೋಡಿದೆ. ಆಮೇಲೆ, ಪಲ್ಯ ಇನ್ನಷ್ಟು ಇದೆಯೇ ಎಂದು ಕೇಳಿದೆ.