ಮೂವತ್ತು ಲೋಡು

ಓದಿದ ವಿದ್ಯೆ ಮನೆಯಲ್ಲಿ ನಡೆಯುವುದಿಲ್ಲ ಎಂಬುದು ನನ್ನ ಅನುಭವ. ಗದಗಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಎಲೆಕ್ಟ್ರಿಕಲ್ ವಿಭಾಗದ ಮಾಸ್ತರ. ಕರೆಂಟು ಎಲ್ಲಿಂದ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ಎಷ್ಟೋ ವರ್ಷಗಳಿಂದ ಹೇಳಿಕೊಡುತ್ತ ಬಂದಿದ್ದೇನೆ. ಆದರೂ ನಮ್ಮ ಮನೆಯಲ್ಲಿ ಫ್ಯೂಸು ಹೋದರೆ ನನ್ನ ಹೆಂಡತಿ ಸುಮಂಗಲಾ ನನ್ನ ಕಡೆ ತಿರುಗಿಯೂ ನೋಡದೆ ಓಣಿಯ ವೈರ್‌ಮನ್‌ಗೆ ಫೋನ್ ಹಚ್ಚುತ್ತಾಳೆ. ಒಮ್ಮೆ ನಾನೇ ಸ್ಕ್ರೂಡ್ರೈವರ್ ಹಿಡಿದು ಮುಂದಾದಾಗ, "ನೀವು ಬ್ಯಾಡ್ರಿ, ನಿಮಗ ಕಾಲೇಜಿನ್ಯಾಗ ಪಾಠ ಐತಿ" ಎಂದು ಬಹಳ ಮರ್ಯಾದೆಯಿಂದಲೇ ಅದನ್ನು ಕಸಿದುಕೊಂಡಳು. ಅದಕ್ಕೆ ಕಾರಣವೂ ಇದೆ. ಮದುವೆಯಾದ ಹೊಸತರಲ್ಲಿ ಲಕ್ಷ್ಮೇಶ್ವರದ ಮಾವನ ಮನೆಯ ಕರೆಗಂಟೆ ಕೆಟ್ಟಿತ್ತು. ಅಳಿಯನ ಪ್ರತಾಪ ತೋರಿಸಲು ಅದನ್ನು ಬಿಚ್ಚಿ ಜೋಡಿಸಿದೆ. ಆಮೇಲೆ ಬಾಗಿಲಲ್ಲಿ ಯಾರಾದರೂ ಗುಂಡಿ ಒತ್ತಿದರೆ ಗಂಟೆ ಬಡಿದುಕೊಳ್ಳುವ ಬದಲು ನಡುಮನೆಯ ಫ್ಯಾನು ತಿರುಗತೊಡಗಿತು. ಬಂದವರು ಹೊರಗೆ ಒತ್ತಿದಷ್ಟೂ ಒಳಗೆ ಮಲಗಿದ ಮಾವನಿಗೆ ತಂಪಾಗಿ ಇನ್ನೂ ಗಾಢವಾದ ನಿದ್ದೆ ಹತ್ತುತ್ತಿತ್ತು.

ಇಂಥ ನನಗೆ ನಮ್ಮ ಪ್ರಾಚಾರ್ಯರು ಕಾಲೇಜಿನ ತಾಂತ್ರಿಕ ಸಮ್ಮೇಳನದ ವಿದ್ಯುತ್ತು ಮತ್ತು ನೆಟ್‌ವರ್ಕ್ ವ್ಯವಸ್ಥೆಯನ್ನು ಒಪ್ಪಿಸಿದರು. ಅವರು ನನ್ನ ಮಾವನ ಮನೆಗೆ ಹೋದವರಲ್ಲ. "ಕರೆಂಟು, ನೆಟ್ಟು ಎರಡೂ ನಿಮ್ಮ ಹೆಗಲ ಮ್ಯಾಲೆ. ನಡುವ ಕೈಕೊಟ್ರ ನಮ್ಮ ಮಾನ ಹೋಗತೈತಿ" ಎಂದರು. ನಾನೂ ತುಂಬಿದ ಸಭೆಯಲ್ಲಿ ಎದ್ದು ನಿಂತು, "ಒಂದು ಕ್ಷಣನೂ ಹೋಗಂಗಿಲ್ಲ ಸರ್" ಎಂದುಬಿಟ್ಟೆ. ಹಾಗೆ ಹೇಳಲು ನನ್ನದೂ ಒಂದು ಸ್ವಾರ್ಥವಿತ್ತು. ನನಗೆ ಪಿಎಚ್.ಡಿ. ಆಗಿಲ್ಲ. ನನ್ನ ಕೈಯಲ್ಲಿ ಕಲಿತವರು ಡಾಕ್ಟರರಾಗಿ, ನನ್ನನ್ನೇ "ಏನ್ರಿ ಸರ್, ಇನ್ನೂ ಹಂಗ ಅದೀರಿ?" ಎಂದು ಕೇಳುವ ಕಾಲ ಬಂದಿತ್ತು. ಸಮ್ಮೇಳನಕ್ಕೆ ಮುಖ್ಯ ಅತಿಥಿಯಾಗಿ ಬರಲಿದ್ದ ಧಾರವಾಡದ ದೇಸಾಯಿ ಪ್ರೊಫೆಸರರು ನನಗೆ ಮಾರ್ಗದರ್ಶಕರಾಗಲಿ ಎಂದು ಎರಡು ವರ್ಷ ಗಂಟುಬಿದ್ದಿದ್ದೆ. ಕೊನೆಗೆ ಅವರು ಫೋನಿನಲ್ಲಿ, "ಅಲ್ಲೇ ಬರ್ತೀನಲ್ಲ, ನಿಮ್ಮ ಪ್ರಬಂಧ ಕೇಳಿ ಹೇಳ್ತೀನಿ" ಎಂದಿದ್ದರು. ನನ್ನ ಪ್ರಬಂಧದ ವಿಷಯ, ಅಡೆತಡೆಯಿಲ್ಲದ ವಿದ್ಯುತ್ ಪೂರೈಕೆ. ಅದನ್ನು ಓದುವಾಗಲೇ ಕರೆಂಟು ಹೋದರೆ ನಾನು ಜನ್ಮಪೂರ್ತಿ ಹಾಗೇ ಇರಬೇಕಾದೀತು.

ಮೊದಲು ನೆಟ್‌ವರ್ಕಿಗೆ ಕೈ ಹಚ್ಚಿದೆ. ಸಭಾಂಗಣಕ್ಕೊಂದು, ಕ್ಯಾಂಟೀನಿಗೊಂದು, ಬೇವಿನ ಮರದ ಕಟ್ಟೆಯ ಹತ್ತಿರ ಒಂದು ಹೀಗೆ ವೈಫೈ ಪೆಟ್ಟಿಗೆ ಕೂಡ್ರಿಸಿದೆ. ನಮ್ಮ ಪ್ರಾಚಾರ್ಯರು ಸಿವಿಲ್ ಇಂಜಿನಿಯರರು. ಕಣ್ಣಿಗೆ ಕಾಣುವ, ಕೈಯಿಂದ ತಟ್ಟಬಹುದಾದ ವಸ್ತುವಿನಲ್ಲಿ ಮಾತ್ರ ಅವರಿಗೆ ನಂಬಿಕೆ. ಒಂದು ಸುತ್ತು ಹಾಕಿ ಬಂದು, "ವೈಫೈ ಎಲ್ಲೈತ್ರಿ?" ಎಂದು ಕೇಳಿದರು. ಎಲ್ಲ ಕಡೆ ಇದೆ, ಕಾಣುವುದಿಲ್ಲ ಎಂದೆ. "ಕಾಣಲಿಲ್ಲಂದ್ರ ಆಡಳಿತ ಮಂಡಳಿಯವ್ರು ಬಂದಾಗ ಏನು ತೋರಸೂಣು?" ಎಂದು ಚಿಂತೆಗೆ ಬಿದ್ದರು. ಆಮೇಲೆ ಅವರೇ ಉಪಾಯ ತೆಗೆದು, ಇಲ್ಲಿ ವೈಫೈ ಇದೆ ಎಂದು ಆಳೆತ್ತರದ ಅಕ್ಷರಗಳಲ್ಲಿ ದೊಡ್ಡ ಬ್ಯಾನರು ಬರೆಸಿ ಮರಕ್ಕೆ ಕಟ್ಟಿಸಿದರು. ಗದಗಿನ ಗಾಳಿ ನಿಮಗೆ ಗೊತ್ತಲ್ಲ, ಬಟ್ಟೆ ಒಣ ಹಾಕಿದರೆ ನೆರೆಮನೆಯಲ್ಲಿ ಹುಡುಕಬೇಕು. ಆ ಬ್ಯಾನರು ಹಗಲೆಲ್ಲ ಪಟಪಟ ಬಡಿದುಕೊಳ್ಳುತ್ತಿತ್ತು. ಪ್ರಾಚಾರ್ಯರು ಅದರ ಕೆಳಗೆ ನಿಂತು, "ಈಗ ನೋಡ್ರಿ, ಸ್ಪೀಡ್ ಚಲೋ ಬರಾಕ ಹತ್ತೇತಿ" ಎಂದು ಸಮಾಧಾನಪಟ್ಟರು.

ಇನ್ನು ಕರೆಂಟು. ಎಷ್ಟು ಫ್ಯಾನು, ಎಷ್ಟು ಕಂಪ್ಯೂಟರು, ಪ್ರೊಜೆಕ್ಟರು, ಅತಿಥಿಗಳ ಕೋಣೆಯ ಎಸಿ, ಅಡುಗೆಯವರ ಮಿಕ್ಸರು, ಎಲ್ಲ ಕೂಡಿಸಿ ನೋಡಿದೆ. ಒಟ್ಟು ಲೋಡ್ ಮೂವತ್ತು ಕಿಲೋವ್ಯಾಟಿಗೆ ಬಂತು. ನಮ್ಮ ಕಾಲೇಜಿನ ಹಳೆಯ ಜನರೇಟರು ಚಾಲೂ ಆಗುವುದಕ್ಕಿಂತ ಕೆಮ್ಮುವುದೇ ಹೆಚ್ಚು. ಹೀಗಾಗಿ ಬೆಟಗೇರಿಯ ಶೇಖಣ್ಣನಿಗೆ ಫೋನ್ ಮಾಡಿದೆ. ಶೇಖಣ್ಣ ಮದುವೆ, ಮುಂಜಿವೆ, ಭಾಷಣ ಯಾವುದಿದ್ದರೂ ಪೆಂಡಾಲಿನಿಂದ ಹಿಡಿದು ಪಾತ್ರೆಯವರೆಗೆ ಬಾಡಿಗೆಗೆ ಕೊಡುವವನು, ಜನರೇಟರೂ ಇಟ್ಟಿದ್ದಾನೆ. ನಾನು ಆಗ ಕ್ಲಾಸಿಗೆ ಹೊರಟವನು, ಕಾರಿಡಾರಿನಲ್ಲಿ ಹುಡುಗರ ಗದ್ದಲ ಬೇರೆ. ನೇರ ವಿಷಯಕ್ಕೆ ಬಂದೆ.

"ಶೇಖಣ್ಣ, ಜನರೇಟರ್ ಬೇಕಾಗಿತ್ತಲ್ಲಪಾ. ಮೂವತ್ತು ಲೋಡ್ ಆಗತೈತಿ."

"ಜನರೇಟರ್ ಐತ್ರಿ ಸರ. ಆದ್ರ ಮೂವತ್ತು ಲೋಡ್ ಯಾಕ್ರಿ? ದೊಡ್ಡ ದೊಡ್ಡ ಮದುವಿ ಹತ್ತರಾಗ ಮುಗಸೇನ್ರಿ ನಾ."

"ಇದು ಮದುವಿ ಅಲ್ಲೋ ಮಾರಾಯಾ. ಹೊರಗಿನ ದೊಡ್ಡ ಮಂದಿ ಬರ್ತಾರ. ಎಲ್ಲಾರೂ ಒಮ್ಮೆಲೇ ಕೂತಾಗ ಲೋಡ್ ಸಾಲದ ನಮ್ಮ ಮಾನ ಹೋಗಬಾರ್ದು."

"ಖರೆ ಐತ್ರಿ. ಗಟ್ಟಿ ತುಂಬಿಸಿ ಕಳಸ್ತೇನ್ರಿ."

ಡೀಸೆಲ್ ತುಂಬಿಸಿ ಕಳಿಸುತ್ತಾನೆ, ಪಾಪ ಒಳ್ಳೆಯ ಮನುಷ್ಯ ಎಂದುಕೊಂಡೆ. "ಬಿಳೇವು ಕಳಸ್ಲೋ, ಹೂವಿನವು ಕಳಸ್ಲೋ?" ಎಂದು ಮತ್ತೆ ಕೇಳಿದ. ಜೊತೆಗೆ ಅಲಂಕಾರದ ದೀಪದ ಸರವನ್ನೂ ಕಳಿಸುವವನಿದ್ದಾನೆ ಎಂದು ತಿಳಿದು, "ಬಿಳೇವ ಇರ್ಲಿ, ಕಾಲೇಜು ಅಲ್ಲ?" ಎಂದೆ. "ಆತ್ರಿ ಸರ, ನೀವು ಬೇಫಿಕೀರ್ ಇರ್ರಿ" ಎಂದ. ಬೇಫಿಕೀರನಾಗಿಯೇ ಇದ್ದೆ.

ಸಮ್ಮೇಳನದ ದಿನ ಬೆಳಿಗ್ಗೆ ಶೇಖಣ್ಣನ ಟೆಂಪೊ ಬಂತು. ಹಿಂದಿನ ಬಾಗಿಲು ತೆಗೆದವನೇ ಒಂದೊಂದಾಗಿ ಇಳಿಸತೊಡಗಿದ. ಗಾದಿಯ ಮೇಲೆ ಒರಗಿ ಕೂಡ್ರಲು ಬೆನ್ನಿಗೆ ಕೊಡುತ್ತಾರಲ್ಲ, ಉದ್ದನೆಯ ದುಂಡನೆಯ ದಿಂಬು, ಅದಕ್ಕೆ ನಮ್ಮ ಕಡೆ ಲೋಡು ಎನ್ನುತ್ತಾರೆ. ಹತ್ತಿ ಅಂಗಡಿಯ ಸಾಹುಕಾರರು ದಿನವೆಲ್ಲ ಅದಕ್ಕೇ ಒರಗಿ ವ್ಯಾಪಾರ ಮಾಡುತ್ತಾರೆ. ನಾನೂ ಹುಟ್ಟಿದಂದಿನಿಂದ ಅದನ್ನು ಲೋಡು ಎಂದೇ ಕರೆದವನು. ಆದರೆ ಇಂಜಿನಿಯರಿಂಗ್ ಓದಿದ ಮೇಲೆ ಆ ಲೋಡು ತಲೆಯಿಂದ ಜಾರಿ ಹೋಗಿ, ಅದರ ಜಾಗದಲ್ಲಿ ಕಿಲೋವ್ಯಾಟು ಬಂದು ಕೂತಿತ್ತು. ಬಿಳಿ ಗವಸಣಿಗೆ ತೊಟ್ಟ ಮೂವತ್ತು ಲೋಡು ಸಭಾಂಗಣದ ವರಾಂಡದಲ್ಲಿ ಸಾಲಾಗಿ ಒರಗಿದವು. ಅವುಗಳ ಮುಂದೆ ಹಾಸಲೆಂದು ಗಾದಿಗಳೂ ಬಂದಿದ್ದವು. ಕೊನೆಯಲ್ಲಿ ಸೂಟ್‌ಕೇಸಿನಷ್ಟು ಒಂದು ಜನರೇಟರು ಇಳಿಯಿತು.

"ಏನೋ ಇದು ಶೇಖಣ್ಣ!" ಎಂದು ಕೂಗಿದೆ.

"ಮೈಕಿಗೆ ಇಷ್ಟು ಸಾಕ್ರಿ ಸರ. ಲೋಡ್ ನೋಡ್ರಿ, ಕೈಯಿಂದ ಒತ್ತಿ ನೋಡ್ರಿ. ಹೊಸಾ ಹತ್ತಿ" ಎಂದು ಅಭಿಮಾನದಿಂದ ಒಂದನ್ನು ತಟ್ಟಿ ತೋರಿಸಿದ. ಬೈಯಬೇಕೆಂದರೆ ಅವನದೇನು ತಪ್ಪು? ನಾನು ಹೇಳಿದ್ದನ್ನೇ ಅಕ್ಷರಶಃ ಕಳಿಸಿದ್ದ. ದೊಡ್ಡ ಜನರೇಟರು ಮುಂಡರಗಿಯ ಮದುವೆಯೊಂದಕ್ಕೆ ಹೋಗಿತ್ತು. ದೇವರ ಮೇಲೆ ಭಾರ ಹಾಕಿ, ಅಂದರೆ ವಿದ್ಯುತ್ ಮಂಡಳಿಯ ಮೇಲೆ ಭಾರ ಹಾಕಿ, ಅತಿಥಿಗಳನ್ನು ಎದುರುಗೊಳ್ಳಲು ಹೋದೆ.

ಉದ್ಘಾಟನೆ ಸುಸೂತ್ರವಾಗಿ ಮುಗಿಯಿತು. ನಡುನಡುವೆ ಪ್ರಾಚಾರ್ಯರು ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು. ಊಟವಾಯಿತು. ರೊಟ್ಟಿ, ಎಣ್ಣೆಗಾಯಿ ಪಲ್ಲೆ, ಶೇಂಗಾ ಹಿಂಡಿ, ಗೋಧಿ ಹುಗ್ಗಿ. ಇನ್ನು ನನ್ನ ಪ್ರಬಂಧವೇ ಮೊದಲನೆಯದು. ವೇದಿಕೆ ಹತ್ತಿ, "ಅಡೆತಡೆಯಿಲ್ಲದ" ಎಂದು ಬಾಯಿ ತೆಗೆದದ್ದೇ ತಡ, ಕರೆಂಟು ಹೋಯಿತು. ಮೈಕು ನಿಂತಿತು, ಪರದೆ ಕಪ್ಪಾಯಿತು, ಆನ್‌ಲೈನಿನಲ್ಲಿ ಕೂತಿದ್ದವರು ಒಬ್ಬರೂ ಉಳಿಯದಂತೆ ಮಾಯವಾದರು. ಕಂಪ್ಯೂಟರುಗಳ ಯುಪಿಎಸ್ ಬ್ಯಾಟರಿಗಳು ಕ್ಷಣ ಹೊತ್ತು ಪೀಂ ಪೀಂ ಎಂದು ಅತ್ತು ಸುಮ್ಮನಾದವು. ಸೂಟ್‌ಕೇಸ್ ಜನರೇಟರಿಗೆ ಎಲ್ಲ ತಂತಿ ಸಿಕ್ಕಿಸಿದ ಕೂಡಲೇ ಅದೂ ಕೈಮುಗಿಯಿತು. ಕಿಟಕಿಯಾಚೆ, ದೂರದ ಗುಡ್ಡದ ಮೇಲೆ, ಗಾಳಿಯಂತ್ರಗಳು ಮಾತ್ರ ನಮಗೂ ಕರೆಂಟಿಗೂ ಸಂಬಂಧವೇ ಇಲ್ಲವೆಂಬಂತೆ ಆರಾಮವಾಗಿ ತಿರುಗುತ್ತಿದ್ದವು. ಕತ್ತಲೆ ಸಭಾಂಗಣದಲ್ಲಿ ಸೆಕೆ ಏರಿತು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ದೇಸಾಯಿ ಪ್ರೊಫೆಸರರು ಎದ್ದರು. ಹೊರಟೇಬಿಟ್ಟರು ಎಂದು ನಾನು ಹಿಂದೆಯೇ ಓಡಿದೆ. ಅವರು ವರಾಂಡಕ್ಕೆ ಬಂದು ನಿಂತು ಕಣ್ಣರಳಿಸಿ, "ಅಯ್ಯ! ಇಷ್ಟು ಲೋಡ್ ಅದಾವಲ್ರಿ!" ಎಂದರು. ಆಮೇಲೆ, "ಮಾತಾಡ್ಲಿಕ್ಕೆ ಕರೆಂಟ್ ಯಾಕ ಬೇಕು? ಆ ಮರದ ಕೆಳಗ ಹಾಸ್ರಿ" ಎಂದು ತಾವೇ ಒಂದನ್ನು ಬಗಲಲ್ಲಿ ಇರುಕಿಕೊಂಡು ನಡೆದರು. ಅವರ ಹಿಂದೆ ಸಮ್ಮೇಳನಕ್ಕೆ ಸಮ್ಮೇಳನವೇ ಒಂದೊಂದು ಲೋಡು ಹೊತ್ತು ಹೊರಟಿತು. ಪ್ರಾಚಾರ್ಯರು ವೈಫೈ ಬ್ಯಾನರನ್ನು ಬಿಸಿಲಿಗೆ ಅಡ್ಡ ಕಟ್ಟಿಸಿದರು. ನಮ್ಮ ನೆಟ್‌ವರ್ಕಿನಿಂದ ಆ ಹೊತ್ತಿಗೆ ಜನರಿಗೆ ಸಿಕ್ಕಿದ್ದು ಅದರ ನೆರಳೊಂದೇ.

ಹೀಗೆ ಬೇವಿನ ಮರದ ಕೆಳಗೆ, ಪರದೆಯಿಲ್ಲದೆ, ಮೈಕಿಲ್ಲದೆ ನನ್ನ ಪ್ರಬಂಧ ಶುರುವಾಯಿತು. ವಿಷಯದ ಹೆಸರು ಹೇಳಿದಾಗ ಯಾರೋ ಕಿಸಕ್ಕೆಂದರು. ಆದರೂ ಬಿಡದೆ ಓದಿದೆ. ಹುಗ್ಗಿ ಉಂಡ ಹೊಟ್ಟೆ, ತಂಪು ಗಾಳಿ, ಬೆನ್ನಿಗೆ ಹೊಸ ಹತ್ತಿಯ ಲೋಡು. ಎರಡನೆಯ ಪುಟಕ್ಕೆ ಹಿಂದಿನವರು ವಾಲಿದರು, ಮೂರನೆಯದಕ್ಕೆ ಪ್ರಾಚಾರ್ಯರು ಗೊರಕೆ ಹೊಡೆದರು. ನಾಲ್ಕಕ್ಕೆ ದೇಸಾಯಿಯವರ ಕಣ್ಣೂ ಮುಚ್ಚಿದವು. ಅಡೆತಡೆಯಿಲ್ಲದ ಪೂರೈಕೆ ನನ್ನಿಂದ ಯಾವುದಾದರೂ ಆಗಿದ್ದರೆ ಅದು ನಿದ್ದೆಯದು. ನನಗೆ ನಿಜಕ್ಕೂ ಅಳು ಬಂತು. ಹೇಗೋ ಕೊನೆಯ ಸಾಲು ಓದಿ, ಪ್ರಶ್ನೆಗಳಿದ್ದರೆ ಕೇಳಬಹುದು ಎಂದು ಶಾಸ್ತ್ರಕ್ಕೆ ಹೇಳಿ ಹಾಳೆ ಮಡಚಿದೆ.

"ಒಂದು ಪ್ರಶ್ನೆ ಅದ" ಎಂದಿತು ಒಂದು ದನಿ. ದೇಸಾಯಿಯವರು! ಕಣ್ಣು ಇನ್ನೂ ಮುಚ್ಚಿಯೇ ಇದ್ದವು. "ನಾಲ್ಕನೇ ಪುಟದಾಗ ಒಂದು ಹಳ್ಳಿ ಲೆಕ್ಕ ಹಾಕೀರಲ್ಲ, ಅಲ್ಲೆ ಲೋಡ್ ಎಷ್ಟು ಹಿಡಿದೀರಿ?"

ಒಂದಕ್ಷರ ಬಿಡದೆ ಕೇಳಿದ್ದರು. ಎರಡು ವರ್ಷದಿಂದ ನಾನು ಕಾಯುತ್ತಿದ್ದ ಪ್ರಶ್ನೆ ಅದು, ಉತ್ತರ ಬಾಯಿಪಾಠವಿತ್ತು. ಆದರೆ ಬೆಳಗಿನಿಂದ ನನ್ನ ತಲೆಯಲ್ಲಿ ಒಂದೇ ಲೋಡು ಹೊರಳಾಡುತ್ತಿತ್ತು. "ಮೂವತ್ತು ಸರ್" ಎಂದೆ. "ಬಿಳೀ ಗವಸಣಿಗಿ ಹಾಕ್ಸೇನಿ."

ದೇಸಾಯಿಯವರು ಕಣ್ಣು ತೆರೆದು ನನ್ನನ್ನು ನೋಡಿದರು, ತಾವು ಒರಗಿದ್ದ ಲೋಡನ್ನು ನೋಡಿದರು, ಪಕ್ಕದಲ್ಲಿ ತನ್ನ ಲೋಡುಗಳನ್ನು ಎಣಿಸುತ್ತ ನಿಂತಿದ್ದ ಶೇಖಣ್ಣನ ಕಡೆ ನೋಡಿದರು. ಎಲ್ಲ ತಿಳಿದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿಗೆ ಮಲಗಿದವರೆಲ್ಲ ಎದ್ದು, ಪ್ರಬಂಧ ಬಹಳ ಚೆನ್ನಾಗಿತ್ತೆಂದು ಚಪ್ಪಾಳೆ ತಟ್ಟಿದರು. "ಕೈಯಿಂದ ಒತ್ತಿ ನೋಡಬಹುದಾದ ಲೋಡ್ ನಾ ಇವತ್ತ ಮೊದಲನೇ ಸಲ ಕಂಡೆ" ಎಂದು ಕಣ್ಣೊರೆಸಿಕೊಂಡರು. "ಮುಂದಿನ ವಾರ ಧಾರವಾಡಕ್ಕ ಬರ್ರಿ, ಅರ್ಜಿ ತುಂಬೂಣು."

ಈಗ ನಾನು ಅವರ ವಿದ್ಯಾರ್ಥಿ. ಈ ಸಂತೋಷವನ್ನು ಹೇಳಲು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಮಾವ ನಡುಮನೆಯಲ್ಲಿ ಮಲಗಿದ್ದರು. ಯಾವ ವಿಷಯದಲ್ಲಿ ಡಾಕ್ಟರಾಗುತ್ತೀರಿ ಎಂದು ಕೇಳಿದರು. ಲೋಡಿನ ಲೆಕ್ಕಾಚಾರದಲ್ಲಿ ಎಂದೆ. ಅವರು, "ಹತ್ತೀವೋ, ಫೋಮಿನವೋ?" ಎಂದರು. ಬಿಡಿಸಿ ಹೇಳುತ್ತ ಯಾರು ಕೂಡ್ರಬೇಕು? ಹತ್ತೀವು ಎಂದೆ. ಅಷ್ಟರಲ್ಲಿ ಹೊರಗೆ ಯಾರೋ ಕರೆಗಂಟೆಯ ಗುಂಡಿ ಒತ್ತಿದರು. ಫ್ಯಾನು ತಿರುಗಿತು. ಮಾವ ನಿದ್ದೆಹೋದರು.