ಹಿಡಿಯಿಲ್ಲದ ಬಾಗಿಲು

ಕಲಾ ಸಂಗ್ರಹಾಲಯದ ಹೊಸ ಕೋಣೆಗೆ ನನ್ನ ಹೆಸರು ಇಡಿಸದಿದ್ದರೆ ನಾನು ನಾನೇ ಅಲ್ಲ! ಹಾಗೆಂದು ಕನ್ನಡಿಯ ಮುಂದೆ ನಿಂತು ಶಪಥ ಮಾಡಿದೆ. ನಾನೇನು ಸಾಮಾನ್ಯನೇ? ಮುನ್ನೂರು ವರ್ಣಚಿತ್ರಗಳ ಒಡೆಯ, ನನ್ನ ಬಂಗಲೆಗೆ ನಾನೇ ವಿನ್ಯಾಸಕ, ‘ಬಾಗಿಲು ಕಾಣಬಾರದು’ ಎಂಬ ದಪ್ಪ ಗ್ರಂಥದ ಕರ್ತೃ! ಗ್ರಂಥದ ಪ್ರಕಾರವೇ ನಮ್ಮ ಮನೆಯ ಬಾಗಿಲುಗಳಿಗೆ ಚಿಲಕವಿಲ್ಲ, ಹಿಡಿಯಿಲ್ಲ. ತಳ್ಳಿದರೆ ಗೋಡೆಯೇ ತೆರೆದುಕೊಳ್ಳುತ್ತದೆ!

ಚಿತ್ರಗಳ ಉಗ್ರಾಣದ ಬಾಗಿಲಿಗೆ ಮಾತ್ರ, ಒಳಗಿನಿಂದ ಎಳೆಯಲೆಂದು, ನನ್ನ ಹೆಂಡತಿ ಹಳೇ ಪಾತ್ರೆಯ ಮುಚ್ಚಳದ ಕರಿ ಹಿಡಿಯೊಂದನ್ನು ಕೂರಿಸಿದ್ದಳು. ಹೆಸರಿನ ವಿಷಯ ತೀರ್ಮಾನಿಸುವ ಮುನ್ನ ಸಂಗ್ರಹಾಲಯದ ಅಧ್ಯಕ್ಷೆ ನಮ್ಮ ಮನೆ ನೋಡಲು ಬರುವ ದಿನ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ.

“ಅದನ್ನ ಯಾಕ್ರೀ ತೆಗೆದ್ರಿ?”

“ಗೋಡೆ ಮುಖದ ಮೇಲೆ ಮೊಡವೆ ಕಣೇ ಅದು!”

“ಸರಿ. ಒಳಗೆ ಸಿಕ್ಕಿಹಾಕ್ಕೊಂಡ್ರೆ ನನ್ನ ಕರೀಬೇಡಿ.”

ಅಧ್ಯಕ್ಷೆ ಬರಲು ಹತ್ತು ನಿಮಿಷವಿತ್ತು. ನನ್ನ ಅತ್ಯಮೂಲ್ಯ ಚಿತ್ರವನ್ನು ತರಲು ಉಗ್ರಾಣ ಹೊಕ್ಕೆ. ಹಿಂದೆಯೇ ಬಾಗಿಲು ಮುಚ್ಚಿಕೊಂಡಿತು. ಎಳೆಯಲು ಏನೂ ಇಲ್ಲ! ಉಗುರಿನಿಂದ ಕೆರೆದೆ. ಜೇಬಿನ ಹಿಡಿಯನ್ನು ಬಾಗಿಲಿಗೆ ಒತ್ತಿ ಹಿಡಿದು ಬೇಡಿಕೊಂಡೆ. ಅಷ್ಟರಲ್ಲಿ ಹೊರಗೆ ಅಧ್ಯಕ್ಷೆಯ ದನಿ ಕೇಳಿಸಿತು. ಕೂಗಿದರೆ ಮಾನ ಹೋಗುತ್ತದೆ, ಕೂಗದಿದ್ದರೆ ಕೋಣೆ ಹೋಗುತ್ತದೆ!

“ಯಜಮಾನ್ರು ಎಲ್ಲಿ?”

“ಇಲ್ಲೇ ಎಲ್ಲೋ ಇದಾರೆ. ಬನ್ನಿ, ನಾನೇ ತೋರಿಸ್ತೀನಿ. ಈ ಚಿತ್ರ ಮನೆಗೆ ಬಂದ ದಿನ ನೋಡ್ತಾ ನೋಡ್ತಾ ಊಟ ಮಾಡೋದನ್ನೇ ಮರೆತಿದ್ರು. ಇದಕ್ಕೆ ಬಿಸಿಲು ತಾಗುತ್ತೆ ಅಂತ ಕಿಟಕೀನೇ ಮುಚ್ಚಿಸಿಬಿಟ್ರು!”

ಅಧ್ಯಕ್ಷೆ ನಕ್ಕರು. ನನಗೋ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಅವಳು ಇದನ್ನೆಲ್ಲ ನೋಡುತ್ತಲೇ ಇದ್ದಳು! ಕಣ್ಣಿನ ಬೆನ್ನಿಗೇ ಮೂಗೂ ತುಂಬಿ, ಉಗ್ರಾಣದ ಧೂಳಿಗೆ ಗಟ್ಟಿಯಾಗಿ ಸೀನಿದೆ.

“ಅಯ್ಯೋ, ಗೋಡೆ ಸೀನ್ತಲ್ಲ!” ಎಂದು ಅಧ್ಯಕ್ಷೆ ಬೆಚ್ಚಿಬಿದ್ದರು.

ಹೆಂಡತಿ ಒಂದೇ ಬೆರಳಿನಿಂದ ಗೋಡೆ ತಳ್ಳಿದಳು. ಕಂಕುಳಲ್ಲಿ ಚಿತ್ರ, ಕೈಯಲ್ಲಿ ಕರಿ ಹಿಡಿ, ಮೈತುಂಬ ಧೂಳು. ನನ್ನ ದಿವ್ಯ ದರ್ಶನವಾಯಿತು! ಹಿಡಿಯ ಕತೆಯನ್ನೆಲ್ಲ ಹೆಂಡತಿ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅಧ್ಯಕ್ಷೆ ಹೊಟ್ಟೆ ಹಿಡಿದುಕೊಂಡು ನಕ್ಕು, “ಚಿತ್ರದ ಹುಚ್ಚು ಅಂದ್ರೆ ಇದು! ಕೋಣೆಗೆ ನಿಮ್ಮದೇ ಹೆಸರು. ಆದ್ರೆ ಬಾಗಿಲು ಮಾತ್ರ ನಿಮ್ಮ ಹೆಂಡತಿ ಹೇಳಿದ ಹಾಗೆ,” ಎಂದರು.

ಗೆದ್ದೆ! ಇಂದು ಆ ಬಾಗಿಲ ಮೇಲೆ ನನ್ನ ಹೆಸರು ಬಂಗಾರದ ಅಕ್ಷರಗಳಲ್ಲಿ ಹೊಳೆಯುತ್ತಿದೆ. ಅದರ ಕೆಳಗೆ ಅದೇ ಕರಿ ಹಿಡಿ. ಉದ್ಘಾಟನೆಯ ದಿನ ಎದೆಯುಬ್ಬಿಸಿ ಹೆಂಡತಿಗೆ ಹೇಳಿದೆ: “ನೋಡಿದ್ಯಾ, ಬಂದೋರೆಲ್ಲ ನನ್ನ ಹೆಸರು ಓದ್ತಿದಾರೆ!”

“ಓದ್ಲಿ ಬಿಡಿ,” ಎಂದಳು ಅವಳು. “ಒಳಗೆ ಹೋಗ್ತಿರೋದು ಮಾತ್ರ ನನ್ನ ಮುಚ್ಚಳದ ಹಿಡಿ ಹಿಡ್ಕೊಂಡೇ!”